ಎಣ್ಣೆಯೊಳಗಿನ ಎಳ್ಳು

ಪದಗಳ ಹುಟ್ಟಿನ ಬಗ್ಗೆ ನನಗೆ ಆಸಕ್ತಿಯಿದೆ ಎಂದು ತಿಳಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ‘ಬೆಣ್ಣೆ, ಎಣ್ಣೆ ಎಂಬ ಎರಡು ಮಾತುಗಳು ಇಷ್ಟು ಹತ್ತಿರವಾಗಿ ಕೇಳಿಸುವುದು ಬರೀ ಪ್ರಾಸವೋ, ಇಲ್ಲ ಅವುಗಳ ನಡುವೆ ನಂಟೇನಾದರೂ ಇದೆಯೋ?’ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಎಣ್ಣೆ ಎಂಬ ಪದದಲ್ಲೇ ಎಳ್ಳು ಇದೆಯಂತೆ, ಹಾಗಿದ್ದರೆ ಎಳ್ಳೆಣ್ಣೆ ಎನ್ನುವುದು ತಪ್ಪಲ್ಲವೇ?’ ನಂಟು ಖಂಡಿತ ಇದೆ, ತಪ್ಪು ಇಲ್ಲ. ಇದಿಷ್ಟನ್ನೇ ಹೇಳಿ ಮುಗಿಸಬಹುದು. ಆದರೆ ಈ ಪದದ ಮೇಲೆ ನನಗಿರುವ ಪ್ರೀತಿ ಅಷ್ಟಕ್ಕೆ ಬಿಡುವುದಿಲ್ಲ.

ಹಳೆಯ ಕನ್ನಡದಲ್ಲಿ ‘ನೆಯ್’ ಎಂಬ ನಾಮಪದವಿತ್ತು. ತುಪ್ಪ, ಎಣ್ಣೆ, ಒಟ್ಟಿನಲ್ಲಿ ಜಿಡ್ಡಿನ ಪದಾರ್ಥಕ್ಕೆ ಅದು ಸಲ್ಲುತ್ತಿತ್ತು. (ಬಟ್ಟೆ ನೇಯುವ ನೆಯ್ ಬೇರೆ, ಇದು ಬೇರೆ.) ತಮಿಳು, ಮಲಯಾಳಗಳಲ್ಲಿ ಇಂದಿಗೂ ತುಪ್ಪವೆಂದರೆ ನೆಯ್, ತೆಲುಗಿನಲ್ಲಿ ನೆಯ್ಯಿ. ಕನ್ನಡದಲ್ಲಾದರೋ ಅದರ ಜಾಗಕ್ಕೆ ‘ತುಪ್ಪ’ ಬಂದು ಕುಳಿತು, ಜೇನಿನ ರಸವನ್ನು ಸಹ ಜೇನುತುಪ್ಪವನ್ನಾಗಿ ಮಾಡಿತು. ಹೀಗೆ ಒಂಟಿಯಾಗಿ ಬಳಕೆ ತಪ್ಪಿದ ನೆಯ್, ಎರಡು ಸಮಾಸಗಳ ಒಳಗೆ ಸೇರಿಕೊಂಡು ನಮ್ಮ ಅಡುಗೆಮನೆಯಲ್ಲೇ ಉಳಿದಿದೆ. ಎಳ್ಳಿನ ನೆಯ್, ಅಂದರೆ ಎಳ್ + ನೆಯ್, ಎಣ್ಣೆಯಾಯಿತು. ಬಿಳಿಯ ನೆಯ್, ಅಂದರೆ ಬೆಳ್ + ನೆಯ್, ಬೆಣ್ಣೆಯಾಯಿತು. ಈ ‘ಬೆಳ್’ ನಮಗೆ ಅಪರಿಚಿತವೇನಲ್ಲ: ಬೆಳ್ಳಿಯಲ್ಲಿ, ಬೆಳ್ಳುಳ್ಳಿಯಲ್ಲಿ, ಬೆಳದಿಂಗಳಿನಲ್ಲಿ, ಬಿಳಿಯ ಕೊಳವೆಂಬ ಅರ್ಥದ ಶ್ರವಣಬೆಳಗೊಳದಲ್ಲಿ ಇರುವುದು ಅದೇ.

ಎಳ್ + ನೆಯ್ ಎಂಬುದರಲ್ಲಿ ಳಕಾರವೂ ನಕಾರವೂ ಇದ್ದು, ಣಕಾರ ಎಲ್ಲಿಂದ ಬಂತು ಎಂಬ ಸಂದೇಹ ಸಹಜ. ಬಾಯಿಂದ ಆಡಿ ನೋಡಿದರೆ ಅದು ಪರಿಹಾರವಾಗುತ್ತದೆ. ‘ಳ್’ ಎನ್ನುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ‘ನ್’ ಎನ್ನುವಾಗ ಅದು ಹಲ್ಲಿನ ಬಳಿಗೆ ಬರುತ್ತದೆ, ಉಸಿರು ಮೂಗಿನಿಂದ ಹೊರಡುತ್ತದೆ. ಎರಡನ್ನೂ ಒಂದರ ಹಿಂದೊಂದು ಬೇಗನೆ ಹೇಳುವಾಗ ನಾಲಿಗೆ ಮಡಚಿದಂತೆಯೇ ಉಳಿದು ಉಸಿರು ಮಾತ್ರ ಮೂಗಿಗೆ ಹೋದರೆ ಹುಟ್ಟುವ ದನಿ ‘ಣ್’. ಹೀಗೆ ಆ ಎರಡೂ ಅಕ್ಷರಗಳ ಗುಣ ಣ್ಣಕಾರದಲ್ಲಿ ಉಳಿದಿದೆ. ತಮಿಳಿನ ಎಣ್ಣೆಯ್, ಮಲಯಾಳದ ಎಣ್ಣ ಹುಟ್ಟಿದ್ದೂ ಹೀಗೆಯೇ. ತೆಲುಗಿನವರು ಎಳ್ಳಿಗೆ ನುವ್ವು ಎನ್ನುವುದರಿಂದ ಅವರ ಎಣ್ಣೆ ‘ನೂನೆ’ಯಾಯಿತು, ಬೀಜದ ಹೆಸರು ಬೇರೆಯಾದರೂ ಪದ ಕಟ್ಟಿದ ರೀತಿ ಒಂದೇ.

ಎಷ್ಟೋ ಬೀಜಗಳಿರುವಾಗ ಎಳ್ಳಿಗೇ ಈ ಗೌರವ ಏಕೆಂಬುದು ನನಗೆ ಪುಸ್ತಕಕ್ಕಿಂತ ಮೊದಲು ಮನೆಯಲ್ಲೇ ತಿಳಿದಿತ್ತು. ನಾಗರಪಂಚಮಿಯ ಹಿಂದಿನ ದಿನ ಅಮ್ಮ ಚಿಗಳಿಗೆಂದು ಎಳ್ಳನ್ನು ಹದವಾಗಿ ಹುರಿದು, ಬೆಲ್ಲದೊಂದಿಗೆ ಒರಳಿನಲ್ಲಿ ಕುಟ್ಟುತ್ತಿದ್ದರು. ಮೊದಲು ಪುಡಿಪುಡಿಯಾಗಿ ಉದುರುತ್ತಿದ್ದದ್ದು ನಾಲ್ಕಾರು ಪೆಟ್ಟು ಬೀಳುತ್ತಲೇ ಮುದ್ದೆಗಟ್ಟಿ, ಕಲ್ಲಿನ ಗೋಡೆ ಮಿರುಗತೊಡಗುತ್ತಿತ್ತು. ಉಂಡೆ ಕಟ್ಟಲು ಕುಳಿತ ನನ್ನ ಅಂಗೈಯ ಗೆರೆಗಳಲ್ಲಿ ಜಿಡ್ಡು ತುಂಬಿಕೊಳ್ಳುತ್ತಿತ್ತು. ಹನಿ ಎಣ್ಣೆಯನ್ನೂ ಯಾರೂ ಹಾಕಿರಲಿಲ್ಲ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆಯೇ. ಹರಪ್ಪದ ಉತ್ಖನನದಲ್ಲೂ ಕರಕಲಾದ ಎಳ್ಳು ದೊರೆತಿದೆ. ಅಷ್ಟು ಹಳೆಯ ಬೆಳೆ ಇದು. ಇಂದು ಬಾಣಲೆಗೆ ಬೀಳುವ ಕಡಲೆಕಾಯಿ, ಸೂರ್ಯಕಾಂತಿಗಳಾದರೋ ಅಮೆರಿಕ ಖಂಡಗಳಿಂದ ಬಂದವು. ಕೊಲಂಬಸನಿಗಿಂತ ಹಿಂದಿನ ಕನ್ನಡಿಗರು ಅವುಗಳ ಎಣ್ಣೆಯನ್ನು ಕಂಡವರೇ ಅಲ್ಲ.

ಇನ್ನು ಎಳ್ಳೆಣ್ಣೆಯ ವಿಚಾರ. ಒಂದು ಬೀಜದ ನೆಯ್‌ಗೆ ಇಟ್ಟ ಹೆಸರು ಕಾಲಕ್ರಮದಲ್ಲಿ ಹರಳು, ಕೊಬ್ಬರಿ, ಹುಚ್ಚೆಳ್ಳು, ಹೊಂಗೆ, ಬೇವು, ಕುಸುಬೆ ಎಲ್ಲದರಿಂದ ತೆಗೆದದ್ದಕ್ಕೂ ಹಬ್ಬಿದ ಮೇಲೆ, ಮೂಲದ ಎಣ್ಣೆಯನ್ನೇ ಗುರುತಿಸಿ ಹೇಳಲು ಎಳ್ಳನ್ನು ಮತ್ತೊಮ್ಮೆ ಸೇರಿಸಬೇಕಾಯಿತು. ಇದನ್ನು ದ್ವಿರುಕ್ತಿಯ ದೋಷವೆಂದು ತಿದ್ದಲು ಹೊರಡುವವರನ್ನು ನಾನು ಒಪ್ಪುವುದಿಲ್ಲ. ಸಂಸ್ಕೃತದಲ್ಲಿಯೂ ತಿಲದಿಂದ ಹುಟ್ಟಿದ್ದು ತೈಲ. ಅದು ಎಲ್ಲ ಎಣ್ಣೆಗೂ ಸಾಮಾನ್ಯ ಹೆಸರಾದ ಬಳಿಕ ತಿಲತೈಲ ಎಂದೇ ಹೇಳಬೇಕಾಯಿತು. ಇಂಗ್ಲಿಷಿನ ಆಯಿಲ್ ಕೂಡ ಮೂಲದಲ್ಲಿ ಆಲಿವ್ ಹಣ್ಣಿನ ಎಣ್ಣೆಯೇ, ಆದರೂ ಅವರು ಆಲಿವ್ ಆಯಿಲ್ ಎನ್ನುತ್ತಾರೆ. ನಮ್ಮ ನೆಲದಲ್ಲಿ ಎಳ್, ತಿಲ ಎರಡೂ ಎದುರುಬದುರಾಗಿ ನಿಂತಿದ್ದನ್ನು ಶಾಸನಗಳಲ್ಲಿ ಕಾಣಬಹುದು. ಕಲ್ಯಾಣದ ಚಾಲುಕ್ಯರ ಕಾಲದ ಬರಹಗಳಲ್ಲಿ ಗಾಣದವರ ಸಂಘಕ್ಕೆ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಹೆಸರಿದೆ. ತೆಲ್ಲಿಗ ಎಂಬುದು ತೈಲಿಕ ಎಂಬುದರ ತದ್ಭವ. ದೇವಾಲಯದ ನಂದಾದೀವಿಗೆಗೆ ಅವರು ಕೊಡುತ್ತಿದ್ದದ್ದು ಮಾತ್ರ ಎಣ್ಣೆ. ಕಸುಬಿನವನ ಹೆಸರಿನಲ್ಲಿ ತಿಲ, ಅವನ ಗಾಣದಿಂದ ಇಳಿದದ್ದರ ಹೆಸರಿನಲ್ಲಿ ಎಳ್ಳು!

ಈ ಹಬ್ಬುವಿಕೆ ಅಡುಗೆಯ ಎಣ್ಣೆಗಳಿಗೇ ನಿಲ್ಲಲಿಲ್ಲ. ನೆಲದೊಳಗಿನ ಕಲ್ಲೆಣ್ಣೆಯಿಂದ ಬರುವ, ಬೀಜಕ್ಕೂ ಹಾಲಿಗೂ ಸಂಬಂಧವೇ ಇಲ್ಲದ ದ್ರವವೊಂದು ಪರದೇಶದಿಂದ ಡಬ್ಬಿಗಳಲ್ಲಿ ಬಂದಾಗ ನಮ್ಮವರು ಅದನ್ನು ಸೀಮೆಎಣ್ಣೆ ಎಂದು ಕರೆದರು. ಧಾರವಾಡದ ಕಡೆಯಲ್ಲಿ ಅದು ಚಿಮಣಿ ಎಣ್ಣಿಯಾಯಿತು. ಸೀಮೆಎಣ್ಣೆಯೂ ಎಣ್ಣೆಯೇ ಎನಿಸಿಕೊಂಡ ಮನೆಯಲ್ಲಿ, ಎಲ್ಲಕ್ಕೂ ಮೊದಲು ಆ ಹೆಸರನ್ನು ಹೊತ್ತಿದ್ದ ಎಣ್ಣೆಗೆ ಜನ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ತಮಿಳರು ನಲ್ಲೆಣ್ಣೆಯ್ ಎನ್ನುವಂತೆ ಹಳೆಯ ಮೈಸೂರಿನ ಕಡೆಯ ಹಿರಿಯರು ಎಳ್ಳಿನ ಮಾತೇ ಎತ್ತದೆ ‘ಒಳ್ಳೆಣ್ಣೆ ಕೊಡಪ್ಪ’ ಎಂದು ಕೇಳುತ್ತಾರೆ, ಅಂಗಡಿಯವನು ಯಾವುದೆಂದು ವಿಚಾರಿಸದೆ ಎಳ್ಳೆಣ್ಣೆಯನ್ನೇ ಅಳೆದು ಕೊಡುತ್ತಾನೆ.