ಮೂಲೆ ಅಂಗಡಿಯ ಏಕವಚನ, ಬಹುವಚನ

ನವೆಂಬರ್ 8

ಕ್ರಿಸ್ಮಸ್ ರಾತ್ರಿ ಅಮ್ಮನಿಗೆ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ತೋರಿಸಬೇಕು ಅಂತ ಹೊರಟಿದ್ದೇನೆ. 1940ರ ಕಪ್ಪು-ಬಿಳುಪು ಸಿನಿಮಾ, 99 ನಿಮಿಷ, ಅರ್ನ್ಸ್ಟ್ ಲುಬಿಚ್ ನಿರ್ದೇಶನ. ಇದರಲ್ಲಿ ಮಾತು ಜಾಸ್ತಿ, ವೇಗವೂ ಜಾಸ್ತಿ. ಅಮ್ಮನ ಇಂಗ್ಲಿಷ್ ಅಷ್ಟಕ್ಕೆ ಸಾಲದು. ಹಾಗಾಗಿ ಕನ್ನಡ ಸಬ್‌ಟೈಟಲ್ ನಾನೇ ಬರೆಯುವುದು. ಸಾಲುಗಳು ಸಾವಿರ ದಾಟುತ್ತವೆ, ಕೈಯಲ್ಲಿ ಏಳು ವಾರವೂ ಇಲ್ಲ.

ಕಥೆ ಬುಡಾಪೆಸ್ಟಿನದು. ಮಟುಶೆಕ್ ಎಂಬಾತನ ಅಂಗಡಿ, ಚರ್ಮದ ಬ್ಯಾಗು ಇತ್ಯಾದಿ ಮಾರುವ ಜಾಗ. ಅಲ್ಲಿ ಕೆಲಸಕ್ಕಿರುವ ಕ್ರಾಲಿಕ್ (ಜೇಮ್ಸ್ ಸ್ಟುವರ್ಟ್) ಮತ್ತು ಕ್ಲಾರಾ (ಮಾರ್ಗರೆಟ್ ಸುಲವನ್) ದಿನವಿಡೀ ಜಗಳ ಆಡುತ್ತಾರೆ. ಇಬ್ಬರೂ ಹೆಸರು ಗೊತ್ತಿಲ್ಲದ ಒಬ್ಬರಿಗೆ ಪ್ರೇಮಪತ್ರ ಬರೆಯುತ್ತಿರುತ್ತಾರೆ. ಆ ಒಬ್ಬರು ಯಾರು ಅಂತ ನೀವೇ ಊಹಿಸಿ. 1998ರ ‘ಯೂ ಹ್ಯಾವ್ ಗಾಟ್ ಮೇಲ್’ ನೋಡಿದವರಿಗೆ ಊಹೆಯೂ ಬೇಡ, ಅದು ಇದರದೇ ಮೊಮ್ಮಗು.

ನವೆಂಬರ್ 15

ಮೊದಲ ಹತ್ತು ನಿಮಿಷ ಮುಗಿಯಿತು. ಆದರೆ ಸಾಫ್ಟ್‌ವೇರ್ ಪ್ರತಿ ಎರಡನೇ ಸಾಲಿಗೂ ಕೆಂಪು ಬಣ್ಣ ಹಾಕಿ, ಓದಲು ಆಗದಷ್ಟು ಉದ್ದ ಅನ್ನುತ್ತಿದೆ. ನೋಡಿದರೆ ಅದು ನಮ್ಮ ಅಕ್ಷರ ಎಣಿಸುವ ರೀತಿಯೇ ಬೇರೆ. ‘ಪ್ರೀ’ ನನಗೆ ಒಂದು ಅಕ್ಷರ, ಅದಕ್ಕೆ ನಾಲ್ಕು. ‘ಸ್ತ್ರೀ’ ಆರು! ಒತ್ತು, ಗುಣಿತ ಎಲ್ಲಕ್ಕೂ ಬಿಲ್ ಹಾಕುತ್ತದೆ. ಎಚ್ಚರಿಕೆ ಆಫ್ ಮಾಡಿದೆ. ಈಗ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ನೋಡುತ್ತೇನೆ. ನಟ ಮಾತು ಮುಗಿಸುವ ಮೊದಲು ನಾನು ಮುಗಿಸಿದರೆ ಪಾಸ್.

ನವೆಂಬರ್ 23

ಇಡೀ ವಾರ ಒಂದೇ ಪ್ರಶ್ನೆಗೆ ಹೋಯಿತು. ಯಾರು ಯಾರಿಗೆ ‘ನೀನು’, ಯಾರಿಗೆ ‘ನೀವು’?

ಇಂಗ್ಲಿಷಿನವರಿಗೆ ಈ ತಲೆನೋವೇ ಇಲ್ಲ, ಎಲ್ಲರಿಗೂ ಒಂದೇ ‘ಯೂ’. ತಮಾಷೆ ಅಂದರೆ ಇದರ ಮೂಲ ಮಿಕ್ಲೋಶ್ ಲಾಸ್ಲೋ ಬರೆದ ಹಂಗೇರಿಯನ್ ನಾಟಕ, ಮತ್ತು ಆ ಭಾಷೆಯಲ್ಲಿ ನಮ್ಮ ಹಾಗೆಯೇ ಸಲಿಗೆಗೆ ಒಂದು ಮಾತು, ಮರ್ಯಾದೆಗೆ ಇನ್ನೊಂದು ಅನ್ನುವ ಲೆಕ್ಕ ಇದೆ. ಹಾಲಿವುಡ್‌ಗೆ ಹೋದಾಗ ಕಳೆದದ್ದನ್ನು ನಾನು ಕನ್ನಡದಲ್ಲಿ ಊಹಿಸಿ ವಾಪಸ್ ಕೂರಿಸಬೇಕು.

ಮಟುಶೆಕ್‌ನಿಂದ ಶುರು ಮಾಡಿದೆ. ಅವನಿಗೆ ಕ್ರಾಲಿಕ್ ಅಂದರೆ ಮಗನ ಹಾಗೆ, ಮನೆಗೆ ಊಟಕ್ಕೆ ಕರೆಯುವಷ್ಟು ಸಲಿಗೆ. ಹಾಗಾಗಿ ‘ನೀನು’. ಮುಂದೆ ತನ್ನ ಹೆಂಡತಿಗೂ ಇವನಿಗೂ ಏನೋ ಇದೆ ಎಂಬ ಅನುಮಾನ ಹುಟ್ಟುತ್ತದೆ. ಅದು ತಪ್ಪು, ಆಸಾಮಿ ಬೇರೆ. ಅಲ್ಲಿಂದ ಅವನ ಬಾಯಲ್ಲಿ ‘ನೀವು’ ಬರೆಸಿದೆ. “ನೀವು ಹೊರಡಬಹುದು, ಕ್ರಾಲಿಕ್.” ನಮ್ಮಲ್ಲೂ ಹೀಗೇ ಅಲ್ವಾ? ಬೈದರೆ ಸಹಿಸಬಹುದು, ಹಿರಿಯರು ಏಕಾಏಕಿ ಬಹುವಚನ ಹಚ್ಚಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಆಸ್ಪತ್ರೆಯ ಹಾಸಿಗೆಯಿಂದ ಕ್ಷಮೆ ಕೇಳುವಾಗ ಮತ್ತೆ ‘ನೀನು’. ಮೂರೂ ದೃಶ್ಯ ಹೆಣೆಯಲು ಒಂದು ದಾರ ಸಿಕ್ಕಿತು.

ಪತ್ರಗಳಲ್ಲಿ ಮೊದಲು ‘ನೀನು’ ಹಾಕಿದ್ದೆ, ಪ್ರೇಮಪತ್ರ ತಾನೆ ಅಂತ. ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. “ಮುಖ ನೋಡದವರಿಗೆ ನೀನು ಅಂತಾರೇನೋ? ಉಭಯಕುಶಲೋಪರಿ ಅಂತ ಶುರು ಮಾಡು” ಅಂದರು. ಉಭಯಕುಶಲೋಪರಿ ಬೇಡ, ಆದರೆ ಮಾತು ಸರಿ. ಪತ್ರದಲ್ಲೂ ‘ನೀವು’, ಜಗಳದಲ್ಲೂ ‘ನೀವು’. ಇದರಿಂದ ಜಗಳಕ್ಕೆ ಇನ್ನಷ್ಟು ಖಾರ ಬಂತು. ಕಾಫಿ ಅಂಗಡಿಯಲ್ಲಿ ಕ್ಲಾರಾ ಕ್ರಾಲಿಕ್‌ನನ್ನು ಇಳಿಸುವ ಸಾಲು ಇದೆ: ಹೃದಯದ ಜಾಗದಲ್ಲಿ ಹ್ಯಾಂಡ್‌ಬ್ಯಾಗ್, ಆತ್ಮದ ಜಾಗದಲ್ಲಿ ಸೂಟ್‌ಕೇಸ್, ಬುದ್ಧಿಯ ಜಾಗದಲ್ಲಿ ಹೊತ್ತಿಕೊಳ್ಳದ ಲೈಟರ್. ಮೂರೂ ಅಂಗಡಿಯ ಸಾಮಾನೇ. ಇದನ್ನು ಬಹುವಚನದಲ್ಲಿ ಹೇಳಿದಾಗಲೇ ಸರಿಯಾಗಿ ಚುಚ್ಚುತ್ತದೆ.

ಹಾಗಾದರೆ ಇವರಿಬ್ಬರ ನಡುವಿನ ಮೊದಲ ‘ನೀನು’ ಎಲ್ಲಿ? ಬಾಕಿ ಇಟ್ಟಿದ್ದೇನೆ.

ಡಿಸೆಂಬರ್ 7

ಟೈಮಿಂಗ್ ಅವಾಂತರ. ನಾನು ಸಮಯ ಎತ್ತಿಕೊಂಡಿದ್ದ ಇಂಗ್ಲಿಷ್ ಫೈಲ್ ಸೆಕೆಂಡಿಗೆ 25 ಫ್ರೇಮಿನ ಪ್ರತಿಗೆ ಮಾಡಿದ್ದು. ನನ್ನ ಪ್ರತಿ 23.976. ಶುರುವಿನಲ್ಲಿ ಗೊತ್ತೇ ಆಗಲಿಲ್ಲ, ಕೊನೆಗೆ ಬರುವಾಗ ನಾಲ್ಕು ನಿಮಿಷದ ಅಂತರ. ಅನುಪಾತ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸಿದೆ, ಕೂತಿತು.

ಡಿಸೆಂಬರ್ 14

ಕ್ರಿಸ್ಮಸ್ ಹಿಂದಿನ ಸಂಜೆಯ ಭಾಗ. ಹಿಮ ಬೀಳುತ್ತಿದೆ, ವ್ಯಾಪಾರ ಜೋರಾಗಿ ಆಗಿದೆ, ಎಲ್ಲರೂ ಮನೆಗೆ ಹೊರಟಿದ್ದಾರೆ. ಒಂಟಿ ಮಟುಶೆಕ್ ಊಟಕ್ಕೆ ಜೊತೆ ಹುಡುಕುತ್ತಾ ಹೊಸ ಹುಡುಗ ರೂಡಿಗೆ ಆಸೆ ಹುಟ್ಟಿಸಲು ಅಡುಗೆಯ ಪಟ್ಟಿ ಹೇಳುತ್ತಾನೆ. ಸೇಬು ತುಂಬಿದ ಹೆಬ್ಬಾತಿನ ರೋಸ್ಟ್, ಬೆಣ್ಣೆ ಹಾಕಿದ ಆಲೂಗಡ್ಡೆ, ಕೆಂಪು ಕೋಸು. ಹುಳಿ ಕೆನೆಯ ಸೌತೆಕಾಯಿ ಸಲಾಡ್ ಬಂದಾಗ ‘ಮೊಸರುಬಜ್ಜಿ’ ಅಂತ ಬರೆದುಬಿಡುವ ಆಸೆ ಆಯಿತು. ತಡೆದುಕೊಂಡೆ. ಬುಡಾಪೆಸ್ಟಿನ ಹೋಟೆಲಿನಲ್ಲಿ ಮೊಸರುಬಜ್ಜಿ ಯಾರು ಕೊಡುತ್ತಾರೆ?

ಈ ಸಿನಿಮಾದಲ್ಲಿ ನನಗೆ ಪ್ರೇಮಕ್ಕಿಂತ ಹೆಚ್ಚು ಇಷ್ಟ ಈ ಅಂಗಡಿಯ ಬದುಕೇ. ಲುಬಿಚ್‌ನ ಅಪ್ಪ ಬರ್ಲಿನ್‌ನಲ್ಲಿ ದರ್ಜಿ. ಹುಡುಗನಾಗಿದ್ದಾಗ ಲುಬಿಚ್ ಆ ಅಂಗಡಿಯಲ್ಲೇ ಲೆಕ್ಕ ಬರೆದವನು. ಗಲ್ಲಾಪೆಟ್ಟಿಗೆ ತುಂಬಿದ ದಿನ ಯಜಮಾನನ ಮುಖ ಹೇಗಿರುತ್ತದೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

ಡಿಸೆಂಬರ್ 20

ಮೊದಲ ‘ನೀನು’ ಸಿಕ್ಕಿತು. ಕೊನೆಯ ಒಂದೂವರೆ ನಿಮಿಷದಲ್ಲಿ. ಅಂಗಡಿಯ ದೀಪ ಆರಿಸುತ್ತಿದ್ದಾರೆ. ಕ್ರಾಲಿಕ್ ತಡೆಯಲಾರದೆ ಹೇಳಿಬಿಡುತ್ತಾನೆ: ಅಂಚೆ ಪೆಟ್ಟಿಗೆ 237 ತೆಗೆದು ನನ್ನನ್ನು ಲಕೋಟೆಯಿಂದ ಆಚೆ ತೆಗಿ ಅಂತ. ‘ತೆಗಿ’, ‘ತೆಗೆಯಿರಿ’ ಅಲ್ಲ. ಸರ್ವನಾಮವೇ ಬೇಕಾಗಲಿಲ್ಲ, ಕ್ರಿಯಾಪದದ ಕೊನೆಯೇ ಸಾಕಾಯಿತು. ಅವನು ಗುಟ್ಟು ಬಿಡುವ ಮೊದಲೇ ನಮ್ಮ ವ್ಯಾಕರಣ ಬಿಟ್ಟುಕೊಡುತ್ತದೆ.

ಕ್ಲಾರಾ ಮಾತ್ರ ‘ನೀವು’ ಬಿಡುವುದಿಲ್ಲ. ಕಾಲು ಡೊಂಕಿದೆಯಾ ನೋಡಬೇಕು, ಪ್ಯಾಂಟ್ ಎತ್ತಿ ಅನ್ನುವುದನ್ನು ಮರ್ಯಾದೆಯಿಂದಲೇ ಕೇಳಬೇಕಲ್ಲ.

ಡಿಸೆಂಬರ್ 26

ನಿನ್ನೆ ರಾತ್ರಿ ತೋರಿಸಿದೆ. ಮೊದಲು ಟಿವಿಯಲ್ಲಿ ಒತ್ತಕ್ಷರಗಳೆಲ್ಲ ಬಿಡಿ ಬಿಡಿಯಾಗಿ ಚೆಲ್ಲಾಪಿಲ್ಲಿ. ಲ್ಯಾಪ್‌ಟಾಪಿನಲ್ಲಿ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿ ಹೊಸ ಫೈಲ್ ಮಾಡುವಷ್ಟರಲ್ಲಿ ಒಂಬತ್ತೂವರೆ.

‘ತೆಗಿ’ ಬಂದಾಗ ಅಮ್ಮ “ಹೂಂ, ಈಗ ಬಂದ ದಾರಿಗೆ” ಅಂದರು. ಸಾಕು ನನಗೆ.

ಆದರೆ ಒಂದು ತಪ್ಪೂ ಹಿಡಿದರು. ಕ್ರಾಲಿಕ್ ಮ್ಯಾನೇಜರ್ ಆದ ಮೇಲೂ, ಅಂಗಡಿಯಲ್ಲಿ ಚಿಲ್ಲರೆ ಕೆಲಸಕ್ಕೆ ಓಡಾಡುತ್ತಿದ್ದ ಹುಡುಗ ಪೆಪಿ ಒಂದು ಕಡೆ ‘ನಿನಗೆ’ ಅಂದಿದ್ದಾನೆ. “ಮ್ಯಾನೇಜರಿಗೆ ಏಕವಚನವಾ? ಆ ಹುಡುಗನಿಗೆ ಸೊಕ್ಕು” ಅಂತ. ಸೊಕ್ಕು ಅವನಿಗೆ ಇರುವುದು ನಿಜ, ಗುಮಾಸ್ತನ ಬಡ್ತಿ ಬೇರೆ ಸಿಕ್ಕಿದೆ. ಆದರೆ ಇದು ನನ್ನ ಬೆರಳ ತಪ್ಪು. ಇವತ್ತು ಬೆಳಿಗ್ಗೆ ಸರಿಮಾಡಿ, ಮತ್ತೆ ಅಚ್ಚೊತ್ತಲು ಹಾಕಿದ್ದೇನೆ. ಇನ್ನೂ ನಲವತ್ತು ನಿಮಿಷ ತೋರಿಸುತ್ತಿದೆ.