ಯುದ್ಧದ ಸಿನಿಮಾದಲ್ಲಿ ಯುದ್ಧ ಎಲ್ಲಿದೆ?

ಹಳೆಯ ಮೂಕಿ ಚಿತ್ರಗಳ ಮಾತು ಬಂದಾಗ ನಾನು ‘ಲಾ ಕೊಂದೇಸಾ ಮರೀಯಾ’ ಹೆಸರು ಎತ್ತುತ್ತೇನೆ. ಆಗ ಕೇಳುವವರು ಕೇಳಿಯೇ ಕೇಳುತ್ತಾರೆ: “ಅದು ತಾಯಿ ಮಗನ ಕಥೆ ಅಲ್ವಾ? ಯುದ್ಧದ ಸಿನಿಮಾ ಅಂತ ಯಾಕೆ ಕರೀತೀರಿ?”

ಇದು 1928ರ ಸ್ಪೇನಿನ ಚಿತ್ರ. ನಿರ್ದೇಶಕ ಬೆನಿತೋ ಪೆರೋಹೋ. ಮೂಲ ಹುವಾನ್ ಇಗ್ನಾಸಿಯೋ ಲೂಕಾ ದೇ ತೇನಾ ಅವರ ನಾಟಕ. ಸಿರಿವಂತ ಮನೆಯ ಹುಡುಗ ಬಡವರ ಹುಡುಗಿಯನ್ನು ಪ್ರೀತಿಸುತ್ತಾನೆ, ಸ್ಪೇನ್ ಮೊರೊಕ್ಕೋದಲ್ಲಿ ನಡೆಸುತ್ತಿದ್ದ ಯುದ್ಧಕ್ಕೆ ಹೋಗುತ್ತಾನೆ, ಅಲ್ಲಿ ಕಾಣೆಯಾಗುತ್ತಾನೆ. ತಾಯಿ ಮರೀಯಾಳ ಪಾತ್ರ ರಂಗಭೂಮಿಯಲ್ಲಿ ಹೆಸರು ಮಾಡಿದ್ದ ರೊಸಾರಿಯೋ ಪೀನೋ ಅವರದು. ಮುಂದಿನ ಕಥೆ ನೋಡುವವರಿಗೆ ಬಿಡುತ್ತೇನೆ.

ಸ್ಪೇನಿನ ಬಹುಪಾಲು ಜನ ಆ ಯುದ್ಧವನ್ನು ಅನುಭವಿಸಿದ್ದೇ ಮನೆಯೊಳಗೆ. ಅದಕ್ಕೇ ನನಗಿದು ಯುದ್ಧದ ಸಿನಿಮಾ.

1921ರ ಜುಲೈನಲ್ಲಿ ಮೊರೊಕ್ಕೋದ ಆನ್ವಾಲ್ ಎಂಬಲ್ಲಿ ಅಬ್ದ್ ಎಲ್-ಕ್ರಿಮ್ ನೇತೃತ್ವದ, ಅಲ್ಲಿನ ರಿಫ್ ಬೆಟ್ಟಸೀಮೆಯ ಹೋರಾಟಗಾರರು ಸ್ಪೇನಿನ ಸೈನ್ಯವನ್ನು ನುಚ್ಚುನೂರು ಮಾಡಿದರು. ಕೆಲವೇ ವಾರಗಳಲ್ಲಿ 8,000ಕ್ಕೂ ಹೆಚ್ಚು ಸೈನಿಕರು ಸತ್ತರು. ಅದೇ ಸೀಮೆಯ ಸೈನಿಕ ಠಾಣೆ ಮೋಂತೆ ಅರ್ರೂಯಿತ್‌ನಲ್ಲಿ ಸತ್ತವರ ಹೆಣಗಳು ತಿಂಗಳುಗಟ್ಟಲೆ ಮಣ್ಣು ಕಾಣದೆ ಬಿದ್ದಿದ್ದವು. ಮಗ ಸತ್ತನೋ, ಸೆರೆ ಸಿಕ್ಕನೋ, ಊರಲ್ಲಿ ಕಾಯುವವರಿಗೆ ಹೇಗೆ ಗೊತ್ತಾಗಬೇಕು? ಸೆರೆಯಲ್ಲಿ ಬದುಕುಳಿದ 300ಕ್ಕೂ ಹೆಚ್ಚು ಮಂದಿ ಬಿಡುಗಡೆಯಾದದ್ದು 1923ರ ಜನವರಿಯಲ್ಲಿ. ಅದಕ್ಕೆ ಸ್ಪೇನ್ 40 ಲಕ್ಷ ಪೆಸೇಟಾಕ್ಕೂ (ಆಗಿನ ಸ್ಪೇನಿನ ನಾಣ್ಯ) ಮಿಕ್ಕಿ ಒತ್ತೆಹಣ ಕೊಟ್ಟಿತು. ಕಾಣೆಯಾದ ಮಗನಿಗಾಗಿ ಕಾಯುವ ತಾಯಿ ಆ ಕಾಲದ ಪ್ರೇಕ್ಷಕರಿಗೆ ಬರೀ ಸಿನಿಮಾದ ಪಾತ್ರ ಆಗಿರಲಿಲ್ಲ.

ಇನ್ನು ದುಡ್ಡಿನ ವಿಷಯ. 1912ಕ್ಕೆ ಮುಂಚೆ ಹಣ ಕಟ್ಟಿದರೆ ಕಡ್ಡಾಯ ಸೈನ್ಯಸೇವೆಯೇ ತಪ್ಪುತ್ತಿತ್ತು. 1909ರಲ್ಲಿ ಬಾರ್ಸಿಲೋನಾದ ಬಂದರಿನಲ್ಲಿ ಮೊರೊಕ್ಕೋ ಯುದ್ಧಕ್ಕೆ ಹಡಗು ಹತ್ತಿದವರು ಹೆಂಡತಿ ಮಕ್ಕಳಿದ್ದ ಕೂಲಿಕಾರರು. ಅವರ ಕೈಗೆ ದೊಡ್ಡ ಮನೆತನದ ಹೆಂಗಸರು ಪದಕ, ಸಿಗರೇಟು ಹಂಚುತ್ತಿದ್ದರು. ಜನ ರೊಚ್ಚಿಗೆದ್ದರು, ಊರು ಹತ್ತಿ ಉರಿಯಿತು. 1912ರ ಕಾನೂನು ಬಂದ ಮೇಲೂ 1,000 ಪೆಸೇಟಾ ಕಟ್ಟಿದವರಿಗೆ ಹತ್ತು ತಿಂಗಳ ಸೇವೆ, 2,000 ಕಟ್ಟಿದವರಿಗೆ ಬರೀ ಐದು ತಿಂಗಳು. ಕೂಲಿಕಾರನಿಗೆ ಅಷ್ಟು ಹಣ ಎಲ್ಲಿಂದ ಬರಬೇಕು? ಆನ್ವಾಲ್ ಆದ ಮೇಲೆ ಮಾತ್ರ ಹಣ ಕಟ್ಟಿದವರ ಮಕ್ಕಳನ್ನೂ ಮೊರೊಕ್ಕೋಗೆ ಕಳಿಸಿದರು. ಆಗ ಯುದ್ಧದ ಬಿಸಿ ಉಳ್ಳವರ ಮನೆಗೂ ತಟ್ಟಿತು. ಶ್ರೀಮಂತ ತಾಯಿಯ ಸಂಕಟ ನಾಟಕವಾಗಿ, ಸಿನಿಮಾ ಆಗಿ ಬಂದದ್ದು ಇದರ ನಂತರ.

ಈ ಚಿತ್ರದ ಬಗ್ಗೆ ನನಗೆ ಸಿಟ್ಟೂ ಇದೆ. ಬಡ ಹುಡುಗಿಗೆ ಇಲ್ಲಿ ಜಾಗ ಸಿಗುವುದು ದೊಡ್ಡ ಮನೆಯ ಮಗ ಅವಳನ್ನು ಪ್ರೀತಿಸಿದ ಕಾರಣಕ್ಕೆ. ಹಣ ಕಟ್ಟಲಾಗದೆ ಮಗನನ್ನು ಕಳಿಸಿದ ತಾಯಿಯ ಕಥೆ ಇದಲ್ಲ. ರಿಫ್ ಜನರ ಕಡೆಯಿಂದ ನೋಡುವ ಪ್ರಯತ್ನವೂ ಇಲ್ಲ. ಅವರ ಮೇಲೆ ಸ್ಪೇನ್ ವಿಮಾನಗಳಿಂದ ವಿಷಾನಿಲದ ಬಾಂಬು ಹಾಕಿತ್ತು. 1923ರಿಂದ ದೇಶ ಪ್ರಿಮೋ ದೇ ರಿವೇರಾ ಅವರ ಸರ್ವಾಧಿಕಾರದಲ್ಲಿತ್ತು, ಸೆನ್ಸಾರ್ ಇತ್ತು, ನಿಜ. ಆದರೆ ಎಲ್ಲವನ್ನೂ ಸೆನ್ಸಾರ್ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಟಿಕೆಟ್ ಕೊಳ್ಳುವವರಿಗೆ ಯಾರ ಅಳು ಹಿಡಿಸುತ್ತದೆ ಅನ್ನುವ ಲೆಕ್ಕವೂ ಇತ್ತು ಅಂತಲೇ ನನ್ನ ಅಭಿಪ್ರಾಯ.