ರೀಫ್ ಟ್ಯಾಂಕ್ ಸೊರಗಿದರೆ ನಾನು ಮೊದಲು ನೋಡುವುದು ಉಪ್ಪನ್ನು

ಮಳೆ ಹಿಡಿಯಿತೆಂದರೆ ನನಗೆ ಬರುವ ಫೋನುಗಳ ರಾಗವೇ ಬದಲಾಗುತ್ತದೆ. ಬೇಸಿಗೆಯಲ್ಲಿ ಎಲ್ಲರದೂ ಒಂದೇ ದೂರು, ನೀರು ಬಿಸಿಯಾಗಿದೆ ಅಂತ. ಮಳೆಗಾಲದಲ್ಲಿ ಮಾತ್ರ "ಎಲ್ಲಾ ಸರಿ ಇದೆ, ಆದ್ರೂ ಹವಳ ಅರಳ್ತಿಲ್ಲ" ಅಂತಾರೆ. ಈ "ಎಲ್ಲಾ ಸರಿ ಇದೆ" ಅನ್ನೋ ಮಾತಿನ ಮೇಲೇ ನನಗೆ ಅನುಮಾನ.

ಶಿವಮೊಗ್ಗದಲ್ಲಿ ಅಕ್ವೇರಿಯಂ ಕೂರಿಸಿಕೊಡುವುದು, ಆಮೇಲೆ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚಿನವು ಸಿಹಿನೀರಿನವು. ಹೋಟೆಲ್ ಕೌಂಟರಿನ ಪಕ್ಕದ ಗೋಲ್ಡ್ ಫಿಶ್, ಕ್ಲಿನಿಕ್ಕಿನಲ್ಲಿ ಕಾಯುವವರ ಎದುರಿಗಿರುವ ಏಂಜೆಲ್, ಇಂಥವು. ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಲ್ಲಿ ಹವಳ ಸಾಕುವ ಸಮುದ್ರದ ಟ್ಯಾಂಕ್ ಇಟ್ಟವರು ನಮ್ಮ ಕಡೆ ಬೆರಳೆಣಿಕೆಯಷ್ಟು ಜನ. ಕಡಲಿನಿಂದ ಘಟ್ಟ ಹತ್ತಿ ಬಂದ ಊರಲ್ಲಿ ಹವಳ ಸಾಕುವುದು ಅಂದರೆ ಸುಮ್ನೆ ಮಾತಲ್ಲ. ಆದರೆ ಕಲಿಯೋಕೆ ಸಿಗುವುದೆಲ್ಲ ಇವುಗಳಲ್ಲೇ.

ಈಗ ಹೇಳುವುದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯ ಟ್ಯಾಂಕ್. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಲ್ಲು, ಮರಳು ಕಳೆದರೆ ಉಳಿಯುವ ನೀರು ಸುಮಾರು 45 ಲೀಟರ್. ಮಗಳ ಹಠಕ್ಕೆ ತಂದ ಜೋಡಿ ಕ್ಲೌನ್ ಮೀನು, ಸ್ವಲ್ಪ ಝೋವಾ, ಮಶ್ರೂಮ್, ಒಂದು ಲೆದರ್ ಅನ್ನೋ ಹವಳಗಳು, ಪಾಚಿ ತಿನ್ನೋಕೆ ಬಸವನಹುಳು. ಹವಳವೆಲ್ಲ ಮೆತ್ತನೆಯ ಜಾತಿ. ಕಲ್ಲಿನಂಥ ಗಟ್ಟಿ ಹವಳ ಬೇಕು ಅಂತ ಯಜಮಾನರು ಮೊದಲೇ ಕೇಳಿದ್ದರು, ನಾನು ಆಗಲ್ಲ ಅಂದಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ 2001ರಲ್ಲಿ ಅವನ್ನೆಲ್ಲ ಸೇರಿಸಿದ್ದಾರೆ. ಹುಲಿ, ಆನೆ ಇರುವ ಪಟ್ಟಿ ಅದು. ಮುರುಡೇಶ್ವರದ ಕಡೆಯ ನೇತ್ರಾಣಿ ದ್ವೀಪ ನೋಡೋಕೆ ಹೋದವರು ಒಂದು ತುಂಡು ಜೇಬಿಗೆ ಹಾಕಿಕೊಂಡು ಬರುವುದೂ ತಪ್ಪೇ.

ನಾನು ಹೋದಾಗ ಝೋವಾಗಳೆಲ್ಲ ಮುಷ್ಟಿ ಬಿಗಿದುಕೊಂಡಿದ್ದವು. ಲೆದರ್ ಕುಗ್ಗಿತ್ತು. ಬಸವನಹುಳುಗಳು ಗಾಜಿನಿಂದ ಬಿದ್ದು ಮರಳಿನ ಮೇಲೆ ಅಂಗಾತ. ಮೀನು ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಊಟಕ್ಕೆ ಮೇಲೆ ಬರುತ್ತಿದ್ದವು. ಟ್ಯಾಂಕಿನ ಕೆಳಗಿನ ಕಪಾಟು ತೆರೆದರೆ ಬಾಟಲಿಗಳ ಸಾಲು. ಕ್ಯಾಲ್ಸಿಯಂ, ಅಯೋಡಿನ್, ಹವಳದ ಆಹಾರ, ಬ್ಯಾಕ್ಟೀರಿಯಾ. "ಎಲ್ಲಾ ಹಾಕಿ ನೋಡಿದೆ ಮಾರಾಯ್ರೆ. ಲೈಟೂ ಜಾಸ್ತಿ ಮಾಡಿದೆ. ಇನ್ನೆಂತ ಮಾಡೂದು?" ಅಂದರು.

ಮೀನು ಚೆನ್ನಾಗಿದ್ದು ಬೆನ್ನೆಲುಬಿಲ್ಲದ ಜೀವಿಗಳು ಮಾತ್ರ ಬೀಳುತ್ತಿದ್ದರೆ ನನ್ನ ತಲೆಗೆ ಬರುವುದು ಎರಡೇ, ತಾಮ್ರ ಇಲ್ಲವೇ ಉಪ್ಪು. ಮೀನಿನ ದೇಹ ಒಳಗಿನ ಉಪ್ಪನ್ನು ತಾನೇ ಹದದಲ್ಲಿ ಇಟ್ಟುಕೊಳ್ಳುತ್ತದೆ. ನೀರಿನಲ್ಲಿ ಉಪ್ಪು ಕಡಿಮೆಯಾದರೂ ತಕ್ಕ ಮಟ್ಟಿಗೆ ತಡೆಯುತ್ತದೆ. ಹವಳಕ್ಕೂ ಬಸವನಹುಳುವಿಗೂ ಆ ಸೌಕರ್ಯ ಇಲ್ಲ. ಹೊರಗಿನ ನೀರು ಹೇಗೋ ಒಳಗೂ ಹಾಗೇ. ತಾಮ್ರವೂ ಹೀಗೇ, ಮೀನು ತಡೆಯುವ ಅಳತೆಯಲ್ಲಿ ಇವು ಸಾಯುತ್ತವೆ.

ಅದಕ್ಕೆ ಮೊದಲು ಕೇಳಿದ್ದು ನೀರು ಎಲ್ಲಿಂದ, ಯಾವ ಪಾತ್ರೆಯಲ್ಲಿ ಅಂತ. ಮಲೆನಾಡಿನ ಮನೆ ಅಲ್ವಾ, ಬಚ್ಚಲಲ್ಲಿ ತಾಮ್ರದ ಹಂಡೆ ಇದ್ದೇ ಇರುತ್ತದೆ. ಇನ್ನು ಈಗಿನ ಎಷ್ಟೋ ವಾಟರ್ ಪ್ಯೂರಿಫೈಯರ್‌ಗಳಲ್ಲಿ ಆರೋಗ್ಯಕ್ಕೆ ಒಳ್ಳೇದು ಅಂತ ತಾಮ್ರ ಸೇರಿಸುವ ಕಾರ್ಟ್ರಿಡ್ಜ್ ಇಟ್ಟಿರುತ್ತಾರೆ. ನಮಗೆ ಒಳ್ಳೇದಿರಬಹುದು, ಬಸವನಹುಳುವಿಗೆ ಅಲ್ಲ. ಇವರ ಮನೆಯದು ಹಳೆಯ ಸಾದಾ ಆರ್‌ಓ, ನೀರು ಹಿಡಿಯುವುದು ಪ್ಲಾಸ್ಟಿಕ್ ಕ್ಯಾನಿನಲ್ಲಿ. ನೀರಿನಲ್ಲಿ ಕರಗಿದ್ದೆಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದೆ, ಒಂದಂಕಿಯಲ್ಲೇ ಇತ್ತು. ಮಾಡಿನ ನೀರೇನಾದರೂ ಹಾಕಿದ್ದೀರಾ ಅಂತಲೂ ಕೇಳಿದೆ. ಮಳೆ ನೀರು ಚೊಕ್ಕ ಅಂತ ಹಾಕುವವರಿದ್ದಾರೆ. ಜಿಂಕ್ ಶೀಟಿನ ಮೇಲೆ ಹರಿದು ಬಂದ ನೀರು ಸತುವನ್ನೂ ಜೊತೆಗೆ ತರುತ್ತದೆ. ಅದನ್ನೂ ಹಾಕಿರಲಿಲ್ಲ. ಹಾಗಾಗಿ ತಾಮ್ರವನ್ನು ಪಕ್ಕಕ್ಕಿಟ್ಟೆ.

"ಉಪ್ಪು 1.025 ಇದೆ, ಬೆಳಿಗ್ಗೆಯಷ್ಟೇ ನೋಡಿದೆ" ಅಂತ ಅವರು ತಮ್ಮ ಹೈಡ್ರೋಮೀಟರ್ ತಂದು ತೋರಿಸಿದರು. ಸಾದಾ ನೀರಿಗಿಂತ ಉಪ್ಪುನೀರು ಎಷ್ಟು ಪಟ್ಟು ಭಾರ ಅಂತ ತೋರಿಸುವ ಸಾಧನ ಅದು, ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ತೂಗುವ ಅಗ್ಗದ ಮಾದರಿ. ನೀರು ತುಂಬಿದರು. ಮುಳ್ಳು 1.025ಕ್ಕೇ ಹೋಗಿ ನಿಂತಿತು. ಬೆಳಕಿಗೆ ಹಿಡಿದು ನೋಡಿದೆ. ಮುಳ್ಳಿನ ಅಡಿಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು ಸಾಲಾಗಿ ಅಂಟಿಕೊಂಡಿದ್ದವು. ಡಬ್ಬಿಯನ್ನು ಬೆರಳಿನಿಂದ ತಟ್ಟಿದೆ. ಗುಳ್ಳೆ ಒಂದೊಂದೇ ಬಿಟ್ಟು ಮೇಲೆ ಹೋದ ಹಾಗೆ ಮುಳ್ಳು ಇಳಿಯುತ್ತಾ ಬಂತು. 1.021ರ ಹತ್ತಿರ ನಿಂತಿತು. ಗುಳ್ಳೆಗಳು ಮುಳ್ಳನ್ನು ಎತ್ತಿ ಹಿಡಿದಿದ್ದವು, ಅಷ್ಟೇ. ತೊಳೆಯದೆ ಬಿಟ್ಟರೆ ಇದರದೇ ಉಲ್ಟಾ ಆಗುತ್ತದೆ. ಮುಳ್ಳಿಗೆ ಉಪ್ಪು ಕಟ್ಟಿ ಭಾರವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ನನ್ನ ಬ್ಯಾಗಿನಲ್ಲಿ ರಿಫ್ರಾಕ್ಟೋಮೀಟರ್ ಇರುತ್ತದೆ, ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವಂಥದ್ದು. ಅದನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪಿನ) ಕ್ಯಾಲಿಬ್ರೇಶನ್ ದ್ರಾವಣದ ಎರಡು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು, ಗೆರೆ ಸರಿ ಕೂರಿಸಿ, ಆಮೇಲೆ ಟ್ಯಾಂಕಿನ ನೀರು ನೋಡಿದೆ. 28. ಹೈಡ್ರೋಮೀಟರಿನ 1.021 ಅಂದರೂ ಹೆಚ್ಚುಕಡಿಮೆ ಇದೇ. ಸಮುದ್ರದ ನೀರು ಸುಮಾರು 35, ಅಂದರೆ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪು. ಇಲ್ಲಿ ಐದರಲ್ಲಿ ಒಂದು ಪಾಲು ಉಪ್ಪೇ ಮಾಯ.

ಎಲ್ಲಿ ಹೋಯ್ತು? ನನಗೆ ಈ ಕೆಲಸದಲ್ಲಿ ಇಷ್ಟವಾಗುವ ಭಾಗ ಇದು. ಇಂಥ ಹೊತ್ತಲ್ಲಿ ಏನು ಹೊಸದಾಗಿ ಮಾಡಿದಿರಿ ಅಂತ ಕೇಳಿದರೆ ಉಪಯೋಗವಿಲ್ಲ, ಎಲ್ಲರೂ ಬಾಟಲಿಗಳ ಪಟ್ಟಿ ಕೊಡುತ್ತಾರೆ. ದಿನಾ ಯೋಚನೆಯೇ ಮಾಡದೆ ಏನು ಮಾಡುತ್ತೀರಿ ಅಂತ ಕೇಳಬೇಕು. ಇವರು ದಿನಾ ಬೆಳಿಗ್ಗೆ ಕಾಫಿ ಕುಡಿದು ಒಂದು ಲೀಟರ್ ಆರ್‌ಓ ನೀರು ಹಾಕುತ್ತಿದ್ದರು. ಟ್ಯಾಂಕಿಟ್ಟಿದ್ದು ಮಾರ್ಚಿನಲ್ಲಿ. ಮೇಲೆ ಫ್ಯಾನ್ ಓಡುತ್ತಿತ್ತು. ಆಗ ದಿನಕ್ಕೆ ಅಷ್ಟು ಆವಿಯಾಗುತ್ತಿತ್ತು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ, ಆದ್ದರಿಂದ ಹೋದಷ್ಟು ಸಿಹಿನೀರು ಹಾಕುವುದು ಸರಿಯಾದ ಕ್ರಮವೇ. ಈಗ ಬಂದದ್ದು ಆಷಾಢ. ಇದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಒಗೆದ ಬಟ್ಟೆಯೇ ಒಣಗದ ಗಾಳಿಯಲ್ಲಿ ಟ್ಯಾಂಕಿನ ನೀರು ಹೇಗೆ ಆವಿಯಾಗಬೇಕು?

"ಹಾಗಾದ್ರೆ ನೀರು ತುಂಬಿ ಚೆಲ್ಲಬೇಕಿತ್ತಲ್ಲ?" ಅಂದೆ.

"ಜಾಸ್ತಿ ಆದಾಗ ಒಂದು ಚೊಂಬು ತೆಗೆದು ಅಂಗಳಕ್ಕೆ ಚೆಲ್ತಿದ್ದೆ" ಅಂದರು.

ಉಪ್ಪು ಹೋದದ್ದು ಅಂಗಳಕ್ಕೆ. ಲೆಕ್ಕ ಹಾಕಿ ತೋರಿಸಿದೆ. 45 ಲೀಟರಿನಲ್ಲಿ ಒಂದು ಲೀಟರ್ ಉಪ್ಪುನೀರು ತೆಗೆದು ಒಂದು ಲೀಟರ್ ಸಿಹಿನೀರು ಹಾಕಿದರೆ ಒಂದೇ ಸಲಕ್ಕೆ 35 ಇದ್ದದ್ದು 34.2 ಆಗುತ್ತದೆ. ಹತ್ತು ಸಲ ಹಾಗೆ ಮಾಡಿದರೆ 28ಕ್ಕೆ ಬಂದು ನಿಲ್ಲುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಇದು ಗೊತ್ತೂ ಆಗುವುದಿಲ್ಲ. ಚಿಕ್ಕದು ಸುಲಭ ಅಂದುಕೊಂಡು ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ: ನೀರು ಕಡಿಮೆ ಇದ್ದಷ್ಟೂ ಒಂದು ಚೊಂಬಿನ ಬೆಲೆ ಜಾಸ್ತಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ವಾರಕ್ಕೊಮ್ಮೆ ನೀರು ಬದಲಿಸುವಾಗ ಬೆರೆಸುವ ರೀಫ್ ಸಾಲ್ಟ್ ನೋಡಬೇಕು ಅಂದೆ. ಅಟ್ಟದಿಂದ ಚೀಲ ಇಳಿಸಿದರು. ಬಾಯಿಗೆ ರಬ್ಬರ್ ಬ್ಯಾಂಡ್. ಒಳಗೆ ಉಪ್ಪು ಕಲ್ಲಾಗಿತ್ತು, ಕೈ ಹಾಕಿದರೆ ಜಿನುಗು. ಇದೇ ಮನೆಯ ಅಡುಗೆಮನೆಯಲ್ಲಿ ಊಟದ ಉಪ್ಪಿನ ಮರಿಗೆ ಒಲೆಯ ಪಕ್ಕ ಬೆಚ್ಚಗೆ ಕೂತಿದೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಆದರೆ ಬಣ್ಣದ ಚೀಲದಲ್ಲಿ ಬಂದದ್ದು ಉಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ. ನಿಜಕ್ಕೂ ಇದು ಇನ್ನೂ ಜಾಸ್ತಿ ತೇವ ಎಳೆಯುತ್ತದೆ. ಇದರಲ್ಲಿ ಬರೀ ಸೋಡಿಯಂ ಕ್ಲೋರೈಡ್ ಅಲ್ಲ, ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಎಲ್ಲ ಇರುತ್ತವೆ. ಗಾಳಿಯ ನೀರು ಕುಡಿಯುವುದರಲ್ಲಿ ಅವು ನಿಸ್ಸೀಮರು.

ಅವರು ಅಳೆಯುತ್ತಿದ್ದದ್ದು ಕಪ್ಪಿನಲ್ಲಿ. ತೇವ ಕುಡಿದ ಉಪ್ಪಿನ ಕಪ್ಪು ಅಂದರೆ ಅದರಲ್ಲಿ ಒಂದು ಪಾಲು ನೀರೇ. ಹಾಗಾಗಿ ಬದಲಿಸಿದ ನೀರೂ ಸಪ್ಪೆ. ಬೆರೆಸಿದ ಬಕೆಟ್ಟಿನ ತಳದಲ್ಲಿ ಸುಣ್ಣದ ಹಾಗೆ ಬಿಳಿ ಕೂತಿರುತ್ತಾ ಅಂತ ಕೇಳಿದೆ. ಹೌದು ಅಂದರು. ಅದು ಸುಣ್ಣದ ಕಲ್ಲೇ, ಕ್ಯಾಲ್ಸಿಯಂ ಕಾರ್ಬೊನೇಟ್. ಚೀಲದೊಳಗೆ ತೇವ ಹೊಕ್ಕಾಗ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅಲ್ಲೇ ಸೇರಿಕೊಂಡು ಗಟ್ಟಿಯಾಗುತ್ತವೆ. ಆಮೇಲೆ ನೀರಿನಲ್ಲಿ ಕರಗುವುದಿಲ್ಲ. ಟ್ಯಾಂಕಿನ ಕ್ಷಾರೀಯತೆ, ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟಿನ ಅಳತೆ, 6.5 ಡಿಕೆಎಚ್ ಬಂದಿತ್ತು. ಎಂಟರಿಂದ ಒಂಬತ್ತು ಇರಬೇಕಾದದ್ದು. ಆ ಬಾಟಲಿ ಕ್ಯಾಲ್ಸಿಯಂ ಎಷ್ಟು ಹಾಕಿದರೂ ಇದು ಸರಿಯಾಗುವುದಲ್ಲ. ಚೀಲ ಹೊರಗೆ ಹಾಕಿಸಿದೆ. ಹೊಸದನ್ನು ಗಾಳಿಯಾಡದ ಡಬ್ಬಕ್ಕೆ ಸುರಿದು, ಕಪ್ಪು ಬಿಟ್ಟು ತೂಕದಲ್ಲಿ ಹಾಕಿ, ಆಮೇಲೂ ಮೀಟರ್ ನೋಡಿ ಅಂದೆ.

ಪಿಎಚ್ 7.8 ಇತ್ತು. ಯಜಮಾನರಿಗೆ ಅದೇ ದೊಡ್ಡ ಚಿಂತೆ, ಪುಡಿ ಹಾಕಿ ಏರಿಸಲಾ ಅಂತ. ಬೇಡ ಅಂದೆ. ಒಂದು ಲೋಟ ಟ್ಯಾಂಕ್ ನೀರನ್ನು ಜಗಲಿಗೆ ತಂದು ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟೆ. ಒಂದು ಗಂಟೆ ಕಳೆದು ನೋಡಿದರೆ ಪಿಎಚ್ ಏರಿತ್ತು. ಅಂದರೆ ತಪ್ಪು ಮನೆಯೊಳಗಿನ ಗಾಳಿಯದು. ಮಳೆಗೆ ಕಿಟಕಿಯೆಲ್ಲ ಮುಚ್ಚಿ, ಒಳಗೆ ಒಲೆ ಉರಿದು, ಜನ ಸೇರಿದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತದೆ. ಅದು ನೀರಿಗಿಳಿದು ಪಿಎಚ್ ತಗ್ಗಿಸುತ್ತದೆ. ಟ್ಯಾಂಕ್ ಪಕ್ಕದ ಒಂದು ಕಿಟಕಿ ಹಗಲು ಬೆರಳಷ್ಟು ತೆರೆದಿಟ್ಟರೆ ಸಾಕು.

"ಹಾಗಾದ್ರೆ ಉಪ್ಪು ಒಂದೇ ಸಲ ಹಾಕಿಬಿಡೋಣ ಅಲ್ವಾ?" ಅಂದರು. ಲೆಕ್ಕಕ್ಕೆ ಬೇಕಾದದ್ದು ಮುನ್ನೂರು ಗ್ರಾಂ ಚಿಲ್ಲರೆ, ಅದೇನು ಮಹಾ ಅನ್ನಿಸುತ್ತದೆ. ಆದರೆ ಸಪ್ಪೆ ನೀರಿಗೆ ಹೊಂದಿಕೊಂಡ ಜೀವಕ್ಕೆ ದಿಢೀರ್ ಉಪ್ಪು ಕೊಟ್ಟರೆ ಇದ್ದದ್ದೂ ಹೋಗುತ್ತದೆ. ಹೈಡ್ರೋಮೀಟರಿನ ಲೆಕ್ಕದಲ್ಲಿ ದಿನಕ್ಕೆ 0.001ಕ್ಕಿಂತ ಜಾಸ್ತಿ ಏರಿಸಬಾರದು. ಒಣ ಉಪ್ಪನ್ನು ಟ್ಯಾಂಕಿಗೆ ನೇರವಾಗಿ ಸುರಿಯುವುದಂತೂ ಬೇಡವೇ ಬೇಡ. ದಿನಕ್ಕೆ ಐದು ಲೀಟರ್ ತೆಗೆದು 35ರ ನೀರು ಹಾಕಿದರೆ ಮೊದಲ ದಿನ ಮುಕ್ಕಾಲು ಪಿಪಿಟಿ ಏರುತ್ತದೆ. ಬರಬರುತ್ತಾ ಏರಿಕೆ ನಿಧಾನ. ಆಗ ಬೆರೆಸುವ ನೀರನ್ನು ಸ್ವಲ್ಪ ಗಟ್ಟಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಆವಿಯಾದದ್ದಕ್ಕೂ ಉಪ್ಪುನೀರೇ.

ಹೊನ್ನಾವರದಿಂದ ಕ್ಯಾನಿನಲ್ಲಿ ಸಮುದ್ರದ ನೀರೇ ತರಲಾ ಅಂತಲೂ ಕೇಳಿದರು. ಮಳೆಗಾಲದಲ್ಲಿ ಶರಾವತಿ ಅಲ್ಲೇ ಬಂದು ಸುರಿಯುತ್ತದೆ. ದಡದ ನೀರು ಕೆಂಪು ರಾಡಿ, ಉಪ್ಪೂ ಕಡಿಮೆ. ಇರುವ ಸಮಸ್ಯೆಯನ್ನೇ ಡೀಸೆಲ್ ಖರ್ಚು ಮಾಡಿ ತಂದ ಹಾಗಾಗುತ್ತದೆ.

ಬಾಟಲಿಗಳನ್ನೆಲ್ಲ ನಿಲ್ಲಿಸಿ, ಲೈಟನ್ನು ಮೊದಲಿನ ಹಾಗೇ ಇಳಿಸಿ ಬಂದೆ. ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿದೆ. ಟೇಪಿಗಿಂತ ಕೆಳಗಿಳಿದರೆ ಮಾತ್ರ ನೀರು, ಇಲ್ಲದಿದ್ದರೆ ಚೊಂಬು ಮುಟ್ಟಬೇಡಿ ಅಂದೆ. ಮರ ಬಿದ್ದು ಕರೆಂಟ್ ಹೋಗುವ ರಾತ್ರಿಗಳಿಗೆ ಬ್ಯಾಟರಿಯ ಏರ್ ಪಂಪ್ ಒಂದು ಕೊಟ್ಟೆ. ನಮ್ಮ ಕಡೆ ಅದಿಲ್ಲದೆ ಆಗುವುದಿಲ್ಲ.

ಉಪ್ಪು 33 ದಾಟುತ್ತಿದ್ದಂತೆ ಝೋವಾ ಬಿಚ್ಚಿಕೊಂಡವು. ಒಂದು ಮಶ್ರೂಮ್ ಉಳಿಯಲಿಲ್ಲ. ಲೆದರ್ ಇನ್ನೂ ಮುದುಡಿಕೊಂಡೇ ಇದೆ ಅಂತ ಫೋಟೋ ಕಳಿಸಿದರು. ಮೈಮೇಲೆ ಮೇಣದ ಹಾಗೆ ತೆಳು ಪೊರೆ ಕಾಣುತ್ತಿತ್ತು. ಅದು ಪೊರೆ ಬಿಡುವ ಜಾತಿ. ಕೆಲವು ದಿನ ಮುಚ್ಚಿಕೊಂಡಿದ್ದು, ಪೊರೆ ಕಳಚಿ ಮತ್ತೆ ಅರಳುತ್ತದೆ. ಮುಟ್ಟಬೇಡಿ, ಪಂಪಿನ ಹರಿವು ಅದರ ಕಡೆ ಸ್ವಲ್ಪ ತಿರುಗಿಸಿ ಅಂದೆ.

ಕಲ್ಲಿನ ಮೇಲೆ ಕೂದಲು ಪಾಚಿ ಮಾತ್ರ ಹಾಗೇ ಇದೆ. ಆ ಬಾಟಲಿ ಆಹಾರ ತಿಂದು ಬೆಳೆದದ್ದು ಅದು. ಅದಕ್ಕೆ ಮೀನಿನ ಊಟವನ್ನು ದಿನಕ್ಕೆ ಒಂದೇ ಹೊತ್ತು ಮಾಡಿ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ ಅಂದಿದ್ದೇನೆ. ಯಜಮಾನರು ಒಪ್ಪಿದ್ದಾರೆ. ಮಗಳು ಒಪ್ಪಿಲ್ಲವಂತೆ.